ನಾಲ್ಕನೇ ಚೌಕದ ಖಾಲಿ ಗುಳ್ಳೆ

ಸೆಪ್ಟೆಂಬರ್ 4, ಬುಧವಾರ

ನಮ್ಮ ಯಜಮಾನರನ್ನು ಇಂದು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಟ್ಯಾಕ್ಸಿ ಹರಿಮಾಯಾ ಸೇತುವೆಯ ಬಳಿ ಸಿಗ್ನಲ್‌ಗೆ ನಿಂತಿತು. ದೀಪ ಹಸಿರಾದದ್ದೇ ತಡ, ಹಿಂದಿನ ಸೀಟಿನಿಂದ ಇವರು ಎಡಗೈ ಉದ್ದಕ್ಕೆ ಚಾಚಿ, ಬೆರಳು ತೋರಿಸಿ, "ಸರಿ!" ಎಂದು ಕೂಗಿದರು. ಚಾಲಕ ಬೆಚ್ಚಿಬಿದ್ದ. ಟ್ರಾಮ್ ಓಡಿಸುತ್ತಿದ್ದವರು, ಸಿಗ್ನಲ್ ಕಂಡರೆ ಬೆರಳು ತೋರಿಸಿ ಕೂಗುವುದು ಅಭ್ಯಾಸ ಎಂದೆ. "ಅಯ್ಯೋ ಹೌದಾ, ನಾನೇ ಏನೋ ಎಡವಟ್ಟು ಮಾಡ್ದೆ ಅಂದ್ಕೊಂಡೆ" ಎಂದ. ಮುಂದಿನ ಸಿಗ್ನಲ್‌ನಲ್ಲಿ ಅವನೂ ಇವರ ಜೊತೆ ಕೂಗಿದ.

ಜುಲೈನಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಬಲಗೈಯ ಬಲ ಹೋಯಿತು, ಮಾತು ಹೋಯಿತು. ಮಾತಿನಲ್ಲಿ ಉಳಿದದ್ದು ಈ "ಸರಿ!" ಒಂದೇ. ದಿನವೂ ಕೂಗಿ ಕೂಗಿ ಬಾಯಿಗೆ ಅಂಟಿಕೊಂಡ ಮಾತು ಮೆದುಳಿನಲ್ಲಿ ಬೇರೆ ಕಡೆ ಇರುತ್ತದಂತೆ, ಡಾಕ್ಟರ್ ಹೇಳಿದರು. ನನ್ನ ಹೆಸರು ಆ ಕಡೆ ಇರಲಿಲ್ಲ ಎಂಬುದು ಇದರಿಂದ ಗೊತ್ತಾಯಿತು.

ಸೆಪ್ಟೆಂಬರ್ 5, ಗುರುವಾರ

ಪತ್ರಿಕೆಯವರು ಎರಡು ತಿಂಗಳು ನನ್ನ ಹಳೆಯ ವ್ಯಂಗ್ಯಚಿತ್ರಗಳನ್ನೇ ಹಾಕಿ ಸುಧಾರಿಸಿದರು. ಇಂದಿನಿಂದ ಹೊಸದು ಕೊಡಬೇಕು. ವಾರಕ್ಕೆ ಮೂರು, ಒಂದೊಂದಕ್ಕೆ ನಾಲ್ಕು ಚೌಕ, ಮೇಲಿನಿಂದ ಕೆಳಕ್ಕೆ. ನಾಯಕ ಗೋಬೋಸಾನ್, ಅಂದರೆ ನೆಲದಿಂದ ಆಗ ತಾನೇ ಕಿತ್ತ ಗೋಬೋ ಬೇರಿನ ಹಾಗೆ ಉದ್ದಕ್ಕೆ, ಕಂದುಬಣ್ಣಕ್ಕೆ ಇರುವ ಗಂಡಸು. ಇವರೇ. ಊರಿಗೆಲ್ಲ ಗೊತ್ತು. ಇವರು ಟ್ರಾಮ್ ನಿಲ್ಲಿಸಿದರೆ ಹತ್ತುವವರು "ಏನ್ ಗೋಬೋಸಾನ್, ಇವತ್ತು ಹೆಂಡ್ತಿ ಮನೆ ಒಳಗೆ ಬಿಟ್ಳಾ?" ಎಂದು ಕೇಳುತ್ತಿದ್ದರು.

ನಮ್ಮ ಪದ್ಧತಿ ಹೀಗೆ. ಬೆಳಗ್ಗೆ ಪೆನ್ಸಿಲ್ ಕರಡನ್ನು ಇವರ ಮಿಸೊ ಸಾರಿನ ಬಟ್ಟಲ ಪಕ್ಕ ಇಡುತ್ತೇನೆ. ಇವರು ಸಾರು ಕುಡಿಯುತ್ತ ನೋಡುತ್ತಾರೆ. ಮೂಗಿನಿಂದ 'ಫುಸಕ್' ಎಂದು ಗಾಳಿ ಬಂದರೆ ಮಸಿ ಹಾಕುತ್ತೇನೆ. ಬರದಿದ್ದರೆ ಹರಿದು ಇನ್ನೊಂದು ಬರೆಯುತ್ತೇನೆ. ಇದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದ್ದಿಲ್ಲ. ಸಂಪಾದಕರಿಗೆ ಈ ಮೂಗಿನ ವಿಷಯ ತಿಳಿಯದು. ಅವರು ನನಗೆ ಹಾಸ್ಯಪ್ರಜ್ಞೆ ಇದೆ ಎಂದುಕೊಂಡಿದ್ದಾರೆ.

ಇಂದಿನ ಕರಡು: ನಿವೃತ್ತನಾದ ಗೋಬೋಸಾನ್ ಕೋಣೆಯ ಮಧ್ಯೆ ಕೂತಿದ್ದಾನೆ. ಹೆಂಡತಿ ಅವನ ಸುತ್ತ ಕಸ ವಿಂಗಡಿಸುತ್ತಿದ್ದಾಳೆ, ಸೀಸೆ ಒಂದು ಕಡೆ, ಕಾಗದ ಒಂದು ಕಡೆ. "ನಾನೇನ್ ಮಾಡ್ಲಿ?" ಎನ್ನುತ್ತಾನೆ. ಹೆಂಡತಿ ನಗರಸಭೆಯ ಕಸದ ಕ್ಯಾಲೆಂಡರ್ ನೋಡಿ, "ದೊಡ್ಡ ಸಾಮಾನು ಒಯ್ಯೋದು ಗುರುವಾರ" ಎನ್ನುತ್ತಾಳೆ.

ಇವರು ನೋಡಿದರು. ಎಡಗೈ ಎತ್ತಿ "ಸರಿ!" ಎಂದರು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಸಾರಿನ ಬಟ್ಟಲಿಗೆ "ಸರಿ!" ಎಂದರು. ಆಮೇಲೆ ಕೆಟಲ್‌ಗೆ. ಮದುವೆಯಾದಾಗಿನಿಂದ ಈ ಗಂಡಸಿನ ಬಾಯಿಂದ ಕೇಳಬೇಕೆಂದಿದ್ದ ಮಾತು, ತಿಂಡಿ ಮುಗಿಯುವುದರೊಳಗೆ ಅಡುಗೆಮನೆಯ ಸಾಮಾನುಗಳಿಗೆಲ್ಲ ಹಂಚಿಹೋಯಿತು.

ಮೂಗು ಮಾತ್ರ ಸುಮ್ಮನಿತ್ತು.

ಸೆಪ್ಟೆಂಬರ್ 13, ಶುಕ್ರವಾರ

ಬೇಕೆಂದೇ ಒಂದು ಕೆಟ್ಟ ಕರಡು ಬರೆದು ಇಟ್ಟೆ. ಗೋಬೋಸಾನ್ ಜಾರಿ ಬೀಳುತ್ತಾನೆ, ಅಷ್ಟೇ. ಇವರು ನೋಡಿ "ಸರಿ!" ಎಂದರು.

ಒಳ್ಳೆಯದೂ ಸರಿ, ಕೆಟ್ಟದ್ದೂ ಸರಿ ಎಂದರೆ ನಾನು ಯಾರನ್ನು ಕೇಳಲಿ? ಪಕ್ಕದ ಮನೆಯ ತೊಮಿಯೆಗೆ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ತೊಮಿಯೆ ಹವಾಮಾನ ವಾರ್ತೆಗೂ ನಗುತ್ತಾಳೆ.

ಜಾರಿ ಬೀಳುವುದನ್ನೇ ಕಳಿಸಿದೆ. ಹಾಕಿದರು.

ಸೆಪ್ಟೆಂಬರ್ 20, ಶುಕ್ರವಾರ

ವಾರಕ್ಕೆರಡು ಸಲ ಮಾತಿನ ಅಭ್ಯಾಸಕ್ಕೆ ಆಸ್ಪತ್ರೆಗೆ ಹೋಗಬೇಕು. ಕಲಿಸುವವಳು ಒಕಾಬಾಯಾಶಿ ಎಂಬ ಹುಡುಗಿ. ನೋಡಲು ಮೃದು, ಮಾತು ಕತ್ತರಿ. ಒಂದು ಚಿತ್ರದ ಚೀಟಿ ಎತ್ತಿ ಹಿಡಿದು, "ಇದೇನು ಸಾರ್?" ಎಂದಳು. ಇವರು ಬಾಯಿ ತೆರೆದರು.

"ಛತ್ರಿ" ಎಂದೆ ನಾನು.

"ಅಮ್ಮಾ, ನಾನು ಕೇಳಿದ್ದು ಅವರನ್ನ."

ಮುಂದಿನದು ಬಕೆಟ್. ನಾನು ಬಾಯಿ ಬಿಗಿಹಿಡಿದು ಕೂತೆ.

"ತುಟೀನೂ ಆಡಿಸ್ಬೇಡಿ. ಅವರು ನಿಮ್ಮ ತುಟೀನೇ ನೋಡ್ತಿದಾರೆ."

ಹೊರಡುವಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಮನೇಲೂ ಹೀಗೇನಾ? ಅವರು ಬಾಯಿ ತೆಗೆಯೋದ್ರೊಳಗೆ ನೀವೇ ಎಲ್ಲಾ ಹೇಳ್ಬಿಡ್ತೀರಾ?" ಎಂದಳು. ನನ್ನ ಕಸುಬೇ ಅದು, ಇವರ ಬಾಯಿಗೆ ಮಾತು ಹಾಕಿ ಊರಿಗೆಲ್ಲ ಹಂಚುವುದು, ಎಂದೆ. ಅವಳು ನಗಲಿಲ್ಲ. "ಕಾಯಿರಿ ಅಮ್ಮಾ. ಅವರಿಗೆ ಮಾತು ಸಿಗೋಕೆ ಹೊತ್ತು ಬೇಕು. ಆ ಹೊತ್ತು ನಿಮ್ಮ ಹತ್ರ ಇದೆ, ನೀವು ಕೊಡ್ತಿಲ್ಲ."

ಚಿಕ್ಕ ವಯಸ್ಸು, ಇನ್ನೂ ಮದುವೆಯಾಗಿಲ್ಲ. ಗಂಡನಿಗೆ ಕಾಯುತ್ತ ಕೂತರೆ ಮನೆ ನಡೆಯುತ್ತದೆಯೇ ಎಂಬುದು ಅವಳಿಗೇನು ಗೊತ್ತು.

ಅಕ್ಟೋಬರ್ 3, ಗುರುವಾರ

ಒಕಾಬಾಯಾಶಿಯ ಚೀಟಿಗಳೆಲ್ಲ ಮಾಸಿವೆ. ನೀವು ಚಿತ್ರ ಬರೆಯುವವರಲ್ಲವೇ, ಹೊಸದು ಬರೆದುಕೊಡಿ ಎಂದು ಕೇಳಿದ್ದಳು. ನಾಯಿ, ಕುರ್ಚಿ, ಬಾಳೆಹಣ್ಣು, ಸೈಕಲ್ ಬರೆದುಕೊಟ್ಟೆ. ಶ್ರದ್ಧೆಯಿಂದ ಬರೆದೆ.

ಇಂದು ಅವಳು ನಾಯಿಯ ಚೀಟಿ ಹಿಂದಿರುಗಿಸಿದಳು. ಅದನ್ನು ತೋರಿಸಿದಾಗ ಒಬ್ಬ ತಾತ "ಮ್ಯಾನೇಜರು" ಎಂದನಂತೆ. ಅವಳು ತಿದ್ದಿದಳಂತೆ. ಬೇರೆ ದಿನ ಬಂದ ಇನ್ನೊಬ್ಬರೂ "ಮ್ಯಾನೇಜರು" ಎಂದರಂತೆ.

"ಇದು ನಾಯೀನೇ" ಎಂದೆ.

"ನಾಯೀನೇ ಅಮ್ಮಾ, ಆದ್ರೆ ಹುಬ್ಬು ಹಾಕಿದ್ದೀರ."

ನೋಡಿದೆ. ಹುಬ್ಬು ಹಾಕಿದ್ದೆ. ಅಭ್ಯಾಸ. ಬಾಳೆಹಣ್ಣಿಗೂ ಒಂದು ಸ್ವಲ್ಪ ಮುಖ ಬಂದಿತ್ತು. ಕ್ಷಮೆ ಕೇಳಿ, ಹುಬ್ಬಿಲ್ಲದ ನಾಯಿ ಬರೆದುಕೊಡುತ್ತೇನೆ ಎಂದೆ. ಅವಳು "ಆ ತಾತ ಇಲ್ಲಿಗೆ ಬಂದ್ಮೇಲೆ ಆಡಿದ ಮೊದಲನೇ ಮಾತು ಅದು. ಇರ್ಲಿ, ಬಿಡಿ" ಎಂದು ಚೀಟಿಯನ್ನು ಮತ್ತೆ ಇಸಿದುಕೊಂಡಳು.

ಇವರು ನಾಯಿಗೆ "ಸರಿ!" ಎಂದರು.

ಅಕ್ಟೋಬರ್ 17, ಗುರುವಾರ

ಪತ್ರಿಕೆಯಿಂದ ಕುಸುನೊಸೆ ಬಂದಿದ್ದ. ನನ್ನ ಪುಟ ನೋಡಿಕೊಳ್ಳುವ ಸಂಪಾದಕ, ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ತರುವಾಗ ಸಿಹಿ ಗೆಣಸಿನ ಕೇಕ್ ತರುತ್ತಾನೆ. ಪೊಟ್ಟಣ ದೊಡ್ಡದಿತ್ತು.

"ಮೇಡಂ, ಹೆಂಗ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಗೋಬೋಸಾನ್ ಇತ್ತೀಚೆಗೆ ಸ್ವಲ್ಪ..."

"ಸಪ್ಪೆ" ಎಂದೆ.

"ಸಪ್ಪೆ ಅಂತಲ್ಲ."

"ಮತ್ತೇನು?"

ಅವನು ಕೇಕ್ ನೋಡಿದ. "ಸಪ್ಪೆ" ಎಂದ.

ಹೊಸ ವರ್ಷಕ್ಕೆ ಪುಟವನ್ನೆಲ್ಲ ಬದಲಾಯಿಸುತ್ತಾರಂತೆ. ಗೋಬೋಸಾನ್ ಇರಬೇಕೋ ಬೇಡವೋ ಎಂದು ಡಿಸೆಂಬರ್‌ನಲ್ಲಿ ಮೇಲಿನವರು ತೀರ್ಮಾನಿಸುತ್ತಾರಂತೆ. ಅಷ್ಟರೊಳಗೆ ನಾನು ಮೊದಲಿನ ಹಾಗೆ ಬರೆಯಬೇಕು. ಮೊದಲಿನ ಹಾಗೆ ಬರೆಯಲು ಮೂಗು ಬೇಕು ಎಂದು ಅವನಿಗೆ ಹೇಗೆ ಹೇಳುವುದು.

ಇವರು ಅವನನ್ನು ಬಾಗಿಲವರೆಗೆ ಕಳಿಸಿಕೊಟ್ಟರು. ಅವನ ಕಾರು ಹೊರಟಾಗ ರಸ್ತೆಯ ಎರಡೂ ಕಡೆ ನೋಡಿ, ಬೆರಳು ತೋರಿಸಿ, "ಸರಿ!" ಎಂದರು. ಎಲ್ಲಿ ಸರಿ, ಮಣ್ಣು. ನಾನು ಒಳಗೆ ಬಂದು ಎರಡು ಕೇಕ್ ತಿಂದೆ.

ಅಕ್ಟೋಬರ್ 29, ಮಂಗಳವಾರ

ಸಂಸ್ಕೃತಿ ದಿನಕ್ಕೆ ಆಸ್ಪತ್ರೆಯ ಕಾರಿಡಾರ್‌ನಲ್ಲಿ ನನ್ನ ಚಿತ್ರಗಳ ಪ್ರದರ್ಶನವಂತೆ. ಒಕಾಬಾಯಾಶಿಯ ಏರ್ಪಾಟು. ಪ್ರತಿ ಚಿತ್ರದ ಕೆಳಗೆ ಆ ಯೋಚನೆ ಹೇಗೆ ಹುಟ್ಟಿತು ಎಂದು ನಾಲ್ಕು ಸಾಲು ಬರೆಯಬೇಕು. ಕೂತು ಬರೆದೆ.

ಬಿರುಗಾಳಿಯ ಚಿತ್ರ: ಗೋಬೋಸಾನ್ ಕುಂಡ, ಸೈಕಲ್, ಬಟ್ಟೆ ಒಣಗಿಸುವ ಬಿದಿರು ಎಲ್ಲವನ್ನೂ ಹಗ್ಗದಿಂದ ಬಿಗಿಯುತ್ತಾನೆ. ಬಿರುಗಾಳಿ ಬೇರೆ ಕಡೆ ಹೋಗುತ್ತದೆ. ಗಂಟು ಬಿಚ್ಚಲು ಬರುವುದಿಲ್ಲ. ಕೊನೆಗೆ ಹೆಂಡತಿ ಅವನ ಚಾಚಿದ ಕೈಗಳ ಮೇಲೆ ಬಟ್ಟೆ ಒಣಹಾಕುತ್ತಾಳೆ. ಯೋಚನೆ ಹುಟ್ಟಿದ್ದು: ಇವರು ಬೆಳಗಿನಿಂದ ಕತ್ತಲಾಗುವವರೆಗೆ ಒಂದು ಮಾತೂ ಆಡದೆ ಗಂಟು ಬಿಚ್ಚುತ್ತ ಕೂತಿದ್ದು.

ಕೊಡೆಯ ಚಿತ್ರ: ಯೋಚನೆ ಹುಟ್ಟಿದ್ದು, ಇವರು ನನ್ನ ಕೊಡೆ ತಪ್ಪಾಗಿ ತೆಗೆದುಕೊಂಡು ಹೂವಿನ ಕೊಡೆಯಡಿ ಡಿಪೋಗೆ ನಡೆದು ಹೋದದ್ದು.

ಕಸದ ಚಿತ್ರ: ಇವರು ಏನೂ ಮಾಡದೆ ಕೂತಿದ್ದು.

ಎಲ್ಲದರ ಕೆಳಗೂ ಹೀಗೇ. ಬೇರೆ ಏನಾದರೂ ಬರೆಯೋಣ ಎಂದರೆ ಬೇರೆ ಏನೂ ನೆನಪಾಗಲಿಲ್ಲ. ಇನ್ನೊಂದು ಸಂಗತಿ: ಚಿತ್ರಗಳಲ್ಲಿ ಗೋಬೋಸಾನ್ ವಾಚಾಳಿ. ಇವರು ಅದರಲ್ಲಿ ಒಂದು ಮಾತನ್ನೂ ಆಡಿದ್ದಿಲ್ಲ. ನೆಗಡಿಯಾಗಿದೆ, ಮುಂದೆ ಬರೆಯುವುದಿಲ್ಲ.

ನವೆಂಬರ್ 3, ಭಾನುವಾರ

ಪ್ರದರ್ಶನಕ್ಕೆ ಜನ ಬಂದಿದ್ದರು. ಇವರು ಕೋಲೂರಿಕೊಂಡು ಕಾರಿಡಾರ್‌ನ ಉದ್ದಕ್ಕೂ ನಡೆದು, ಒಂದೊಂದು ಚಿತ್ರಕ್ಕೂ ಬೆರಳು ತೋರಿಸಿ "ಸರಿ! ಸರಿ!" ಎಂದು ದಾಟಿದರು. ಹಿಂದೆ ಗಾಲಿಕುರ್ಚಿಯವರು ಟ್ರಾಮ್ ಬೋಗಿಗಳ ಹಾಗೆ ಸಾಲಾಗಿ ಹೋದರು. ಮ್ಯಾನೇಜರ್ ತಾತನೂ ಇದ್ದ.

ತೊಮಿಯೆ ಕೆಳಗಿನ ಸಾಲುಗಳನ್ನೆಲ್ಲ ಓದಿ, "ಮಿಸಾವೊ, ಇಷ್ಟು ವರ್ಷ ನೀನು ಗಂಡನ್ನ ಆಡ್ಕೋತೀಯ ಅಂದ್ಕೊಂಡಿದ್ದೆ ಕಣೆ" ಎಂದಳು.

"ಆಡ್ಕೊಂಡಿರೋದೇ."

"ಹ್ಞೂ, ಹ್ಞೂ" ಎಂದಳು. ಅವಳ ಮುಖ ನೋಡಿ ನನಗೆ ಸಿಟ್ಟು ಬಂತು. ಕಾರಣ ಗೊತ್ತಾಗಲಿಲ್ಲ.

ಹಿಂತಿರುಗುವಾಗ ಭಾನುವಾರದ ಸಂತೆಯಲ್ಲಿ ಯುಜು ನಿಂಬೆ ಕೊಳ್ಳುತ್ತಿದ್ದೆವು. ಮಾರುವ ಅಜ್ಜಿ ಇವರನ್ನು "ದೊಡ್ಡದು ಬೇಕಾ, ಚಿಕ್ಕದಾ?" ಎಂದು ಕೇಳಿದಳು. ನಾನು ಹಣ್ಣುಗಳನ್ನು ನೋಡುತ್ತ ನಿಂತೆ. ಅಜ್ಜಿಯೂ ನಿಂತಳು. ತುಂಬ ಹೊತ್ತಾದ ಮೇಲೆ ಇವರು ದೊಡ್ಡ ಹಣ್ಣಿನ ಬುಟ್ಟಿಗೆ ಬೆರಳು ತೋರಿಸಿ "ಸರಿ!" ಎಂದರು. ಚಿಕ್ಕದಕ್ಕೆ ಏನೂ ಹೇಳಲಿಲ್ಲ. ಚಿಕ್ಕದೇ ಹೆಚ್ಚು ರಸದ್ದು, ಇವರಿಗೆ ಯುಜು ಆರಿಸಲು ಮೊದಲಿನಿಂದಲೂ ಬಾರದು. ದೊಡ್ಡದನ್ನೇ ತಂದೆ.

ನವೆಂಬರ್ 19, ಮಂಗಳವಾರ

ಇಂದು ಭಾರೀ ತಪ್ಪಾಯಿತು.

ಮಸಿಯಲ್ಲಿ ಚಿತ್ರ ಬರೆದು, ಮಾತಿನ ಗುಳ್ಳೆಯೊಳಗೆ ಮಾತನ್ನು ಪೆನ್ಸಿಲ್‌ನಲ್ಲಿ ಬರೆದಿರುತ್ತೇನೆ. ಪತ್ರಿಕೆಯವರು ಅದನ್ನು ನೋಡಿಕೊಂಡು ಅಚ್ಚಿನ ಅಕ್ಷರ ಕೂರಿಸುತ್ತಾರೆ. ಇಂದು ಮಸಿ ಒಣಗಿದ ಮೇಲೆ ಕರಡಿನ ಗೆರೆ ಅಳಿಸುತ್ತ ಕೂತಿದ್ದೆ. ಸ್ನಾನದ ಮನೆಯಿಂದ ದಡಾರ್ ಎಂದು ಸದ್ದಾಯಿತು. ಓಡಿದೆ. ಇವರಲ್ಲ, ಬಿದ್ದದ್ದು ಬಕೆಟ್. ಇವರು ಬಕೆಟ್‌ಗೆ ಬೆರಳು ತೋರಿಸುತ್ತಿದ್ದರು, ಬಾಯಿ ತೆರೆದಿದ್ದರು, ಮಾತು ಬರುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಬರಲಿಲ್ಲ. ಕೊನೆಗೆ ಬಕೆಟ್ ಎತ್ತಿಟ್ಟೆ. ಬಂದು ಕೂತು ರಬ್ಬರ್ ಹಿಡಿದವಳು ನಾಲ್ಕನೇ ಚೌಕದ ಗುಳ್ಳೆಯೊಳಗಿನ ಮಾತನ್ನೂ ಅಳಿಸಿಬಿಟ್ಟಿದ್ದೇನೆ. ನೋಡದೆ ಕಳಿಸಿದ್ದೇನೆ.

ಚಿತ್ರ ಇದು: "ಸಂಜೆ ಏನ್ ಮಾಡ್ಲಿ?" ಎಂದು ಹೆಂಡತಿ. ಗೋಬೋಸಾನ್ ಪೇಪರ್ ಓದುತ್ತಿದ್ದಾನೆ. "ಮೀನಾ? ತೋಫೂನಾ? ಏನಾದ್ರೂ ಹೇಳ್ರೀ!" ಕೊನೆಯ ಚೌಕದಲ್ಲಿ ಹೆಂಡತಿ ಕಿವಿಗೆ ಕೈ ಹಚ್ಚಿ ಬಗ್ಗಿದ್ದಾಳೆ, ಗೋಬೋಸಾನ್ "ನಿನ್ನೆ ಮಾಡಿದ್ಯಲ್ಲ, ಅದು ಬಿಟ್ಟು ಏನಾದ್ರೂ" ಎನ್ನಬೇಕು. ಈಗ ದೊಡ್ಡ ಗುಳ್ಳೆ, ಒಳಗೆ ಸೊನ್ನೆ.

ನೆನಪಾಗಿ ಫೋನ್ ಮಾಡುವಷ್ಟರಲ್ಲಿ ಪುಟ ಹೋಗಿತ್ತು. ಅಕ್ಷರ ಕೂರಿಸುವವರು ಇದು ಬೇಕೆಂದೇ ಮಾಡಿದ್ದು ಎಂದುಕೊಂಡರಂತೆ. ಕುಸುನೊಸೆ "ಅಯ್ಯಯ್ಯೋ ಮೇಡಂ" ಎಂದ. ಈ ಸಲ ಕೇಕ್ ಕೊಡಬೇಕಾದವಳು ನಾನು.

ಗೋಬೋಸಾನ್ ಕಥೆ ಮುಗಿಯಿತು.

ನವೆಂಬರ್ 20, ಬುಧವಾರ

ಪತ್ರಿಕೆಯನ್ನು ಬಚ್ಚಿಡೋಣ ಎಂದುಕೊಂಡಿದ್ದೆ. ಇವರು ನನಗಿಂತ ಮೊದಲೇ ತೆಗೆದುಕೊಂಡು ಬಂದು ಸಾರಿನ ಪಕ್ಕ ಹರಡಿದ್ದರು.

ಒಂದನೇ ಚೌಕಕ್ಕೆ ಬೆರಳು: "ಸರಿ!" ಎರಡು: "ಸರಿ!" ಮೂರು: "ಸರಿ!" ನಾಲ್ಕಕ್ಕೆ ಕೈ ಎತ್ತಿದರು. ನಿಂತಿತು. ಬೆರಳು ನಿಧಾನವಾಗಿ ಇಳಿದು ಖಾಲಿ ಗುಳ್ಳೆಯ ಮೇಲೆ ಕೂತಿತು. ಗುಳ್ಳೆಯ ಅಂಚನ್ನು ಒಂದು ಸುತ್ತು ಹಾಕಿತು. ಆಮೇಲೆ ಆ ಬೆರಳನ್ನೇ ತಿರುಗಿಸಿ ತಮ್ಮ ಎದೆಗೆ ತೋರಿಸಿಕೊಂಡರು. ನನ್ನ ಮುಖ ನೋಡಿದರು.

ಏನು ಹೇಳಬೇಕೆಂದು ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ.

ಫುಸಕ್.

ಸಾರು ಮೂಗಿಗೆ ಹತ್ತಿ ಕೆಮ್ಮಿದರು. ಬೆನ್ನು ತಟ್ಟಿದೆ. ಮತ್ತೆ ನೋಡಿದರು, ಮತ್ತೆ ಫುಸಕ್. ನಾನೂ ನಕ್ಕೆ. ನನ್ನದು ಯಾಕೋ ಸರಿಯಾಗಿ ನಗುವಿನ ಹಾಗೆ ಬರಲಿಲ್ಲ. ತೊಮಿಯೆ ಗೋಡೆಯಾಚೆಯಿಂದ "ಏನಾಯ್ತೇ?" ಎಂದು ಕೂಗಿದಳು. ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದೆ.

ಸಂಜೆ ಕುಸುನೊಸೆಯ ಫೋನ್. ಬೆಳಗಿನಿಂದ ಓದುಗರ ಕರೆಗಳಂತೆ, ಎಲ್ಲಾ ಹೆಂಗಸರು. "ನಮ್ಮನೆಯೋರು ಥೇಟ್ ಹಿಂಗೇ" ಎನ್ನುತ್ತಾರಂತೆ. "ಮೇಡಂ, ನಿನ್ನೆ ತಪ್ಪಾಯ್ತು ಅಂದಿದ್ದು ಸುಳ್ಳು ತಾನೇ? ಎಂಥಾ ಐಡಿಯಾ ರೀ! ಹೆಂಗೆ ಹೊಳೀತು?"

ಇವರಿಂದ, ಎಂದೆ. ಬಕೆಟ್ ವಿಷಯ ಹೇಳಲಿಲ್ಲ.

ಡಿಸೆಂಬರ್ 1, ಭಾನುವಾರ

ಈಚೆಗೆ ಗೋಬೋಸಾನನ ಗುಳ್ಳೆಗಳನ್ನು ಖಾಲಿ ಬಿಡುತ್ತಿದ್ದೇನೆ. ಕೆಲಸ ಕಡಿಮೆ. ಹೆಂಡತಿಯ ಮಾತು ಮಾತ್ರ ಹೆಚ್ಚಾಗಿದೆ, ಯಾರಾದರೂ ಮಾತಾಡಬೇಕಲ್ಲ. ಕರಡುಗಳಿಗೆ ಇವರು ಎಂದಿನಂತೆ "ಸರಿ!" ಎನ್ನುತ್ತಾರೆ. ಮೂಗು ಮತ್ತೆ ಮೌನ. ಒಮ್ಮೆ ಬಂದದ್ದು ಆಕಸ್ಮಿಕವೋ ಏನೋ.

ಒಕಾಬಾಯಾಶಿ ಇಂದು ಸಂತೆಯಲ್ಲಿ ಸಿಕ್ಕಳು. "ಅಮ್ಮಾ, ಈಗ ನೀವು ಅಭ್ಯಾಸದ ಹೊತ್ತಲ್ಲಿ ಏನೂ ಮಾತಾಡಲ್ಲ, ಗಮನಿಸಿದೀರಾ?" ಎಂದಳು.

ನೆಗಡಿ ಎಂದೆ.

ಡಿಸೆಂಬರ್ 13, ಶುಕ್ರವಾರ

ಗೋಬೋಸಾನ್ ವಸಂತದವರೆಗೆ ಉಳಿಯುತ್ತಾನಂತೆ. ಕುಸುನೊಸೆ ಫೋನ್‌ನಲ್ಲೇ ಹೇಳಿದ, ಕೇಕ್ ಇಲ್ಲ.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಸಂಜೆಯವರೆಗೆ. ಆಮೇಲೆ ಇವರು ಬಾಗಿಲು ತೆರೆದು ನಿಂತು ಏನೋ ಹೇಳಲು ಹೆಣಗಿ, ಆಗದೆ, ಬಾಗಿಲಿಗೇ "ಸರಿ!" ಎಂದು ಹೇಳಿ ಒಳಗೆ ಹೋದರು. ಪತ್ರಿಕೆ ಕಟ್ಟಿಕೊಂಡು ನಾನೇನು ಮಾಡಲಿ. ನನಗೆ ಇವರು ಏನು ಹೇಳಹೊರಟಿದ್ದರು ಎಂಬುದು ಬೇಕು.

ಡಿಸೆಂಬರ್ 27, ಶುಕ್ರವಾರ

ವರ್ಷದ ಕೊನೆಯ ಕರಡು. ಮನೆಯ ದೊಡ್ಡ ಶುಚಿ ನಡೆದಿದೆ, ಜಾರುಬಾಗಿಲ ಚೌಕಟ್ಟಿಗೆ ಹೊಸ ಕಾಗದ ಅಂಟಿಸುವುದೂ ಅದರಲ್ಲೇ, ಅದನ್ನೇ ಬರೆದೆ. ಒಂದನೇ ಚೌಕದಲ್ಲಿ ಹೆಂಡತಿ: "ಜಾರುಬಾಗಿಲ ಹಳೇ ಕಾಗದ ಹರಿದುಹಾಕ್ರೀ, ಹೊಸದು ಅಂಟಿಸೋಣ." ಎರಡರಲ್ಲಿ ಗೋಬೋಸಾನ್ ಕುಣಿಯುತ್ತ ಬೆರಳಿನಿಂದ ಕಾಗದಕ್ಕೆ ತೂತು ಹೊಡೆಯುತ್ತಿದ್ದಾನೆ. ಮೂರರಲ್ಲಿ ಹೆಂಡತಿ, ಕೈಯಲ್ಲಿ ಅಂಟಿನ ಬಟ್ಟಲು: "ಅಯ್ಯೋ, ಅದು ನಾನು ಬೆಳಗ್ಗೆ ತಾನೇ ಹೊಸ ಕಾಗದ ಅಂಟಿಸಿದ ಬಾಗಿಲು!" ನಾಲ್ಕರಲ್ಲಿ ತೂತಿನಾಚೆಯಿಂದ ಹೆಂಡತಿಯ ಒಂದೇ ಒಂದು ಕಣ್ಣು.

ಸಾರಿನ ಪಕ್ಕ ಇಟ್ಟೆ.

"ಸರಿ!" ಒಂದು. "ಸರಿ!" ಎರಡು. ಮೂರಕ್ಕೆ ಬೆರಳು ಹೋಯಿತು. ನಿಂತಿತು. ಇವರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ನಾನು ಕೈಯಲ್ಲಿ ಚಹಾ ಹಿಡಿದು ಕಿಟಕಿ ನೋಡುತ್ತ ಕೂತೆ. ಹೊರಗೆ ತೊಮಿಯೆ ಹಾಸಿಗೆ ಬಡಿಯುತ್ತಿದ್ದಳು. ಅವಳು ಒಂದು ಹಾಸಿಗೆ ಮುಗಿಸಿ ಇನ್ನೊಂದನ್ನು ತಂದಳು, ಅದನ್ನೂ ಮುಗಿಸಿದಳು. ಚಹಾ ತಣ್ಣಗಾಯಿತು.

"ಬೇಡ."

ತಿರುಗಿದೆ. ಬೆರಳು ಮೂರನೇ ಚೌಕದ ಗುಳ್ಳೆಯ ಮೇಲಿತ್ತು, ಹೆಂಡತಿಯ ಮಾತಿನ ಮೇಲೆ.

"ಏನು ಬೇಡ?" ಎಂದೆ.

"ಬೇಡ" ಎಂದು ಗುಳ್ಳೆಯನ್ನು ಕುಟ್ಟಿದರು.

ನನಗೆ ನಖಶಿಖಾಂತ ಉರಿಯಿತು. "ಅದಿಲ್ಲದಿದ್ರೆ ಜನಕ್ಕೆ ಹೆಂಗ್ರೀ ಗೊತ್ತಾಗುತ್ತೆ, ಹೊಸ ಕಾಗದ ಅಂತ? ಮೂವತ್ತು ವರ್ಷದಿಂದ ಬರೀತಿದೀನಿ, ನಂಗೊತ್ತಿಲ್ವಾ? ಟ್ರಾಮ್ ಓಡಿಸೋದಲ್ಲ ಇದು!" ಎಂದು ಕೂಗಾಡಿದೆ. ಇವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಂಟಿನ ಬಟ್ಟಲಿಗೆ ಬೆರಳು ತೋರಿಸಿದರು. ಅದರ ಕೆಳಗೆ ಆ ಒಂದು ಕಣ್ಣಿಗೆ ತೋರಿಸಿದರು. ಮತ್ತೆ ಗುಳ್ಳೆಗೆ.

"ಬೇಡ."

ನೋಡಿದೆ. ಬಟ್ಟಲಿದೆ, ತೂತಿದೆ, ಕಣ್ಣಿದೆ. ಬೇಡವಾಗಿತ್ತು.

ರಬ್ಬರ್ ತೆಗೆದು ಮಾತನ್ನು ಅಳಿಸಿದೆ, ಗುಳ್ಳೆಯನ್ನೂ ಅಳಿಸಿದೆ. ಇವರು ಮೊದಲಿನಿಂದ ನೋಡಿದರು, ಒಂದು, ಎರಡು, ಮೂರು. ನಾಲ್ಕಕ್ಕೆ ಬಂದಾಗ ಮೂಗಿನಿಂದ ಗಾಳಿ ಬಂತು. ಎಡಗೈ ಉದ್ದಕ್ಕೆ ಚಾಚಿ "ಸರಿ!" ಎಂದರು.

ಈ "ಸರಿ"ಯನ್ನು ನಂಬಬಹುದು. ಬೇಡ ಎನ್ನಲು ಬರುವವರು ಹೇಳಿದ್ದು.

ಅಳು ಬಂತು. ಜೋರಾಗಿಯೇ ಬಂತು. ಕಾಗದ ಒದ್ದೆಯಾದರೆ ಮಸಿ ಹರಡುತ್ತದೆ ಎಂದು ಕರಡನ್ನು ಇವರ ಕಡೆಗೆ ಸರಿಸಿ ಅತ್ತೆ. ಒಂಬತ್ತು ಗಂಟೆಗೆ ಮಸಿ ಹಾಕಲು ಕೂತೆ.